ಬಿಳಿ ಮಾತ್ರೆ, ಕೆರೆ ಮಣ್ಣು

೨೫ ಸೆಪ್ಟೆಂಬರ್ ೧೯೬೬, ಭಾನುವಾರ

ಬರೆಯಲು ಏನೂ ವಿಶೇಷವಿಲ್ಲ. ಬರೆಯಬಲ್ಲೆ ಎಂಬುದೇ ವಿಶೇಷ. ಯಾರೋ ನಮ್ಮವರಿಗೆ ಕೊಟ್ಟ ಹೋದ ವರ್ಷದ ಡೈರಿ ಕಪಾಟಿನಲ್ಲಿ ಖಾಲಿ ಬಿದ್ದಿತ್ತು. ಅದರ ತಾರೀಖುಗಳನ್ನೆಲ್ಲ ಹೊಡೆದುಹಾಕಿ ನನ್ನ ತಾರೀಖು ಹಾಕಿಕೊಂಡಿದ್ದೇನೆ.

ಮೂರು ವರ್ಷ ನನ್ನ ಬೆರಳುಗಳು ಹಸಿಶುಂಠಿಯ ಹಾಗೆ ಊದಿ ಸೊಟ್ಟಗಾಗಿದ್ದವು. ಕೀಲುವಾಯು. ರವಿಕೆಯ ಗುಂಡಿ ಹಾಕುವುದರಿಂದ ಹಿಡಿದು ಜಡೆ ಹೆಣೆಯುವತನಕ ಎಲ್ಲಕ್ಕೂ ಇವರೇ ಬರಬೇಕಿತ್ತು. ಯಶವಂತಪುರ ಸ್ಟೇಷನ್ನಿನ ಗೂಡ್ಸ್ ಆಫೀಸಿಗೆ ಹೊರಡಬೇಕಾದ ಗಂಡಸು ಹೆಂಡತಿಯ ಬೆನ್ನ ಹಿಂದೆ ಬಾಚಣಿಗೆ ಹಿಡಿದು ಕೂರುತ್ತಿದ್ದುದನ್ನು ನೆನೆದರೆ ಈಗಲೂ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಗುತ್ತದೆ. ಮಕ್ಕಳಿಲ್ಲದ ಮನೆ, ಬೇರೆ ಯಾರು ಮಾಡಬೇಕು? ಅವರೇನೋ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ಹೋದ ಡಿಸೆಂಬರಿನಲ್ಲಿ ಪೇಟೆಯ ದೊಡ್ಡ ಡಾಕ್ಟರೊಬ್ಬರು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು. ಒಂದೇ ತಿಂಗಳು, ಆಮೇಲೆ ಬಂದು ತೋರಿಸಲೇಬೇಕು ಎಂದರು. ಇವರು ಆಚೆ ಬೆಂಚಿನ ಮೇಲಿದ್ದರು, ಕೇಳಿಸಿದ್ದು ನನಗೊಬ್ಬಳಿಗೇ. ನಾಲ್ಕನೇ ದಿನಕ್ಕೆ ಬೆರಳು ಬಿಚ್ಚಿಕೊಂಡವು! ತೋರಿಸಲು ಹೋದರೆ ನಿಲ್ಲಿಸಿಬಿಡುತ್ತಾರೆ ಎಂದು ನಾನು ಹೋಗಲೇ ಇಲ್ಲ. ಇವರಿಗೆ ಮಾತ್ರ "ತೋರಿಸಿಕೊಂಡು ಬಂದೆ, ಮುಂದುವರಿಸಿ ಅಂದ್ರು" ಎಂದೆ. ಹತ್ತು ತಿಂಗಳಿಂದ ಇವರು ಅದೇ ಹಳೇ ಚೀಟಿ ತೋರಿಸಿ ತಂದುಕೊಡುತ್ತಿದ್ದಾರೆ. ಯಾರಿಗೂ ನಷ್ಟವಿಲ್ಲದ ಸುಳ್ಳು.

ಎದುರುಮನೆ ಕೃಷ್ಣಮ್ಮ ಇವತ್ತು ಬೀದಿಯಲ್ಲಿ ನಿಲ್ಲಿಸಿ ಕೇಳಿದಳು: "ಏನ್ರೀ ವೇದವತಿ, ಕೆನ್ನೆ ಒಳ್ಳೆ ಕಡುಬಿನ ಹಾಗಾಗಿದೆ! ಯಾವ ಮಿಲ್ಲಿನ ಅಕ್ಕಿ ತಿಂತಿದೀರ?" ಹೊಟ್ಟೆಕಿಚ್ಚು. ಇರಲಿ, ಪಡಲಿ.

೪ ಅಕ್ಟೋಬರ್

ಈ ಸಲ ಗೊಂಬೆ ಕೂರಿಸುವುದೇ. ಪಾರ್ಕೂ ಮಾಡುವುದೇ. ಬೇರೆಯವರು ತಟ್ಟೆಯಲ್ಲಿ ನಾಲ್ಕು ರಾಗಿ ಉದುರಿಸಿ ಪಾರ್ಕು ಎನ್ನುತ್ತಾರೆ. ನನ್ನದು ಹಾಗಲ್ಲ, ಗುಡ್ಡ, ಕೊಳ, ಕಾಲುದಾರಿ, ಗುಡ್ಡದ ಮೇಲೆ ದೇವಸ್ಥಾನ, ಸುತ್ತ ಹಸಿರು. ಅದಕ್ಕೆ ಮಣ್ಣು ಹಿಟ್ಟಿನ ಹಾಗಿರಬೇಕು.

ಹೆಬ್ಬಾಳದ ಮುನಿಕೆಂಪಮ್ಮ ಹಾಲಿನ ಜೊತೆ ಒಂದು ಮಂಕರಿ ಒಣಗಿದ ಕೆರೆ ಮಣ್ಣು, ಒಂದು ಮಂಕರಿ ಹಳೇ ಕೊಟ್ಟಿಗೆ ಗೊಬ್ಬರ ತಂದು ಸುರಿದಳು. ಎರಡನ್ನೂ ಚಿಕ್ಕ ಕೋಣೆಗೆ ಸಾಗಿಸಿ, ಬಾಗಿಲು ಕಿಟಕಿ ಭದ್ರವಾಗಿ ಹಾಕಿಕೊಂಡು ಜರಡಿ ಹಿಡಿದೆ. ಕಿಟಕಿ ತೆಗೆದರೆ ಕೃಷ್ಣಮ್ಮನಿಗೆ ನೇರ ಕಾಣುತ್ತದೆ. ಮೊದಲ ದಿನದ ಆರತಿಗೆ ಮುಂಚೆ ಪಾರ್ಕು ಪರರ ಕಣ್ಣಿಗೆ ಬೀಳಬಾರದು ಎಂಬುದು ನಮ್ಮ ತಾಯಿ ಕಾಲದಿಂದ ಬಂದ ನೇಮ.

"ಒರಗಡೆ ಇಡೀರಿ ಅಮ್ಮಾವ್ರೇ ಜರಡಿಯಾ. ಇಂಗೆ ಬಾಗ್ಲಾಕ್ಕೊಂಡು ಯಾಕ್ ಸಾಯ್ತೀರಾ?" ಎಂದಳು ಮುನಿಕೆಂಪಮ್ಮ ಬಾಗಿಲಾಚೆಯಿಂದ.

"ನಿಂಗೊತ್ತಾಗಲ್ಲ, ಹೋಗೇ," ಎಂದೆ.

ಮೂರು ಮಧ್ಯಾಹ್ನ ಹಿಡಿಯಿತು. ಹೆಂಚಿನ ಸಂದಿಯ ಬೆಳಕಿನಲ್ಲಿ ಧೂಳು ಕುಣಿಯುವುದನ್ನು ನೋಡುತ್ತ ಹಾಡಿಕೊಂಡು ಕೂತಿದ್ದೆ. ಮೂಗಿನೊಳಗೆಲ್ಲ ಹೆಬ್ಬಾಳ ಕೆರೆ. ಇವರು ಆಫೀಸಿನಿಂದ ಬಂದವರು "ಕೊಡು, ಒಂದಿಷ್ಟು ನಾನು ಹಿಡೀತೀನಿ" ಎಂದರು. "ಬೇಡ್ರೀ, ನನ್ನ ಕೈಯಿದೆ" ಎಂದೆ. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು ಹೋದರು.

೧೫ ಅಕ್ಟೋಬರ್

ರಾಗಿ ಪೈರು ನಾಲ್ಕು ಬೆರಳೆತ್ತರ, ಒಂದೇ ಸಮ! ಹದಿನೇಳು ಜನ ಮುತ್ತೈದೆಯರು ಬಂದಿದ್ದರು. ಗಂಗಾನಗರದಲ್ಲಿ ಇಂಥ ಪಾರ್ಕು ಇನ್ನೊಂದಿಲ್ಲ ಎಂದು ಸ್ವತಃ ಕೃಷ್ಣಮ್ಮನೇ ಹೇಳಿದಳೆಂದ ಮೇಲೆ ಇನ್ನೇನು ಬೇಕು. ಇವರು ತಗಡು ಕತ್ತರಿಸಿ ಒಂದು ರೈಲ್ವೆ ಸಿಗ್ನಲ್ ಮಾಡಿಟ್ಟಿದ್ದರು. ಪಾರ್ಕಿನಲ್ಲಿ ಸಿಗ್ನಲ್ ಯಾಕೆ? ಹಿಂದುಗಡೆ ಗೋಡೆಗೆ ಆನಿಸಿದ್ದೇನೆ.

೩೧ ಅಕ್ಟೋಬರ್

ಹಬ್ಬ ಮುಗಿದಾಗಿನಿಂದ ಕೆಮ್ಮು. ಶುಂಠಿ ಕಷಾಯ, ಮೆಣಸಿನ ಸಾರು, ಎಲ್ಲ ಆಯಿತು. ಬೆರಳು ಮಾತ್ರ ಚೆನ್ನಾಗಿವೆ. ಇವತ್ತು ಎಂಟು ಸೌತೆಬೀಜದ ಹಾರ ಕಟ್ಟಿದೆ.

೧೨ ನವೆಂಬರ್, ದೀಪಾವಳಿ

ಜ್ವರ. ಎಣ್ಣೆನೀರಿಲ್ಲ. ಹಬ್ಬದ ದಿನ ಗಂಜಿ ಕುಡಿದವಳು ನಾನೊಬ್ಬಳೇ ಇರಬೇಕು. ಕಫದಲ್ಲಿ ಒಂದೆಳೆ ರಕ್ತ ಕಂಡಿತು. ಇವರಿಗೆ ತೋರಿಸಲಿಲ್ಲ.

೨೧ ನವೆಂಬರ್

ತೋರಿಸದಿದ್ದರೂ ಇವರು ಕಂಡುಕೊಂಡರು. ಹೆಬ್ಬಾಳ ರಸ್ತೆಯ ಡಾಕ್ಟರ್ ಮೊಹಮ್ಮದ್ ಅವರಲ್ಲಿಗೆ ಕರೆದುಕೊಂಡು ಹೋದರು. ಎಕ್ಸ್‌ರೇ ಆಯಿತು, ಕಫ ಪರೀಕ್ಷೆಗೆ ಹೋಗಿ ಬಂದಿತು. ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಮಬ್ಬು, ಅದರ ನಡುವೆ ಒಂದು ತೂತು. ಕಫದಲ್ಲಿ ಕೆಂಪು ಬಣ್ಣ ಹಿಡಿದ ಕ್ರಿಮಿಗಳು.

"ಕ್ಷಯ ಅಂತಾನೇ ಕಾಣುತ್ತೆ ತಾಯಿ," ಎಂದರು ಡಾಕ್ಟರು. "ಹೆದರಬೇಡಿ, ಈಗ ಇಂಜೆಕ್ಷನ್ ಇದೆ, ಮಾತ್ರೆ ಇದೆ. ಈಗಾಗಲೇ ಬೇರೆ ಏನಾದ್ರೂ ಔಷಧಿ ತಗೋತಿದೀರಾ?"

"ಕಾಫಿ ಬಿಟ್ರೆ ಏನಿಲ್ಲ," ಎಂದೆ. ಇವರು ಆಗ ಆಚೆ ಕಾಂಪೌಂಡರ್ ಹತ್ತಿರ ಇದ್ದರು. ಬಿಳಿ ಮಾತ್ರೆ ಬೆರಳಿನದು, ಕೆಮ್ಮು ಎದೆಯದು. ಹುಟ್ಟೂರು ಬೇರೆ, ಕೊಟ್ಟೂರು ಬೇರೆ. ಅದನ್ನೇಕೆ ಇಲ್ಲಿಗೆ ತರಬೇಕು?

೯ ಡಿಸೆಂಬರ್

ದಿನಾ ಒಂದು ಇಂಜೆಕ್ಷನ್. ಕೂತರೆ ಎಡಗಡೆ ನೋವು, ಒರಗಿದರೆ ಬಲಗಡೆ. ನನ್ನ ತಟ್ಟೆ ಲೋಟ ಬೇರೆ. ಕೃಷ್ಣಮ್ಮ ಈಗ ಬೀದಿ ಆಚೆಯಿಂದಲೇ ಕೂಗಿ ವಿಚಾರಿಸುತ್ತಾಳೆ. ಇಡೀ ಗಂಗಾನಗರಕ್ಕೆ ನನ್ನ ಆರೋಗ್ಯದ ವರದಿ ಪುಕ್ಕಟೆ. ಮುನಿಕೆಂಪಮ್ಮ ಮಾತ್ರ ನೇರ ಒಳಗೇ ಬಂದು ಹಾಲು ಬಗ್ಗಿಸುತ್ತಾಳೆ. "ಕಾಯ್ಲೆ ಅಂದ್ರೇನು ಉಲಿಯಾ, ಮೇಲ್ ಬಿದ್ದು ಕಚ್ಚಾಕೆ?" ಎನ್ನುತ್ತಾಳೆ.

ಅಡಿಗೆ ಇವರದು. ಸಾರಿಗೆ ಉಪ್ಪು ಒಂದು ದಿನ ಎರಡು ಸಲ, ಒಂದು ದಿನ ಇಲ್ಲ. ಸರಾಸರಿ ತೆಗೆದರೆ ಸರಿಯಾಗಿದೆ.

೬ ಜನವರಿ ೧೯೬೭

ಒಂದೂವರೆ ತಿಂಗಳು ಇಂಜೆಕ್ಷನ್ ಆಯಿತು, ಜ್ವರ ಇಳಿದಿಲ್ಲ. ಹೊಸ ಎಕ್ಸ್‌ರೇಯಲ್ಲಿ ತೂತು ದೊಡ್ಡದಾಗಿದೆ. ಡಾಕ್ಟರು ಫಿಲ್ಮನ್ನು ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಮತ್ತೆ ಫಿಲ್ಮು.

"ಕ್ಷಯ ಇಷ್ಟು ಹೆಚ್ಚಿದ್ರೆ ಕೆನ್ನೆ ಒಳಗೆ ಹೋಗಬೇಕು. ನಿಮ್ಮದು ದುಂಡಗಿದೆ. ಕೈಕಾಲು ನೋಡಿದ್ರೆ ಕಡ್ಡಿ. ಈ ತೋಳಿನ ಮೇಲೆ ನೀಲಿ ಕಲೆ ಏನಿದು?"

"ಬಾಗಿಲು ತಗುಲಿತು."

"ಇಷ್ಟೊಂದು ಬಾಗಿಲಾ? ಅಮ್ಮಾ, ನಿಜವಾಗ್ಲೂ ಬೇರೆ ಯಾವ ಮಾತ್ರೇನೂ ಇಲ್ವಾ?"

"ಇಲ್ಲ ಡಾಕ್ಟ್ರೇ."

ಇವರು ಆಗ ಜಟಕಾ ಕರೆಯಲು ಹೋಗಿದ್ದರು. ಬೆರಳುಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ, ಅವೇ ಬಾಯಿಬಿಟ್ಟು ಹೇಳಿಬಿಡುತ್ತವೇನೋ ಎಂಬಂತೆ. ಇನ್ನೊಂದು ವಾರ ನೋಡಿ ದೊಡ್ಡಾಸ್ಪತ್ರೆಗೆ ಬರೆಯುತ್ತಾರಂತೆ. ಎದೆ ಕೊಯ್ದು ಕೆಟ್ಟ ಭಾಗ ತೆಗೆಯಬೇಕಾಗಬಹುದಂತೆ. ನನಗೆ ಭಯವಾಗಿದೆ. ಆದರೆ ಎದೆ ಕೊಯ್ಯುವುದು ಒಂದು ದಿನದ ಕೆಲಸ. ಬೆರಳು ಹೋದರೆ ಅದು ದಿನಾ.

೧೦ ಜನವರಿ

ಇವತ್ತು ಬರೆಯಲೇಬೇಕು.

ಮಾತ್ರೆ ಮುಗಿದಿತ್ತು. ಮಾಮೂಲು ಅಂಗಡಿಯಲ್ಲಿ ಇರಲಿಲ್ಲವಂತೆ. ಇವರು ಅರ್ಧ ದಿನ ರಜೆ ಹಾಕಿ ಮಲ್ಲೇಶ್ವರ, ಅಲ್ಲಿಂದ ಮೆಜೆಸ್ಟಿಕ್, ಅಲ್ಲಿಂದ ಪೇಟೆ ಸುತ್ತಿ, ಬೆವರಿಳಿಸಿಕೊಂಡು ಬಂದು ನನ್ನ ಮಡಿಲಲ್ಲಿ ಎರಡು ಸೀಸೆ ಇಟ್ಟರು. ದೇವಸ್ಥಾನದಿಂದ ಪ್ರಸಾದ ತಂದವರ ಮುಖ ಹೇಗಿರುತ್ತದೋ ಹಾಗಿತ್ತು.

"ಎರಡು ತಿಂಗಳಿಗೆ ಯೋಚನೆ ಇಲ್ಲ ಕಣೇ. ಆಸ್ಪತ್ರೆಗೂ ತಗೊಂಡು ಹೋಗೋಣ. ಅಲ್ಲಿ ಅವರು ಎದೆ ನೋಡ್ಕೊಳ್ತಾರೆ, ಬೆರಳು ಯಾರು ನೋಡ್ತಾರೆ? ನಾನೇ ದಿನಾ ಬಂದು ಕೊಟ್ಟು ಹೋಗ್ತೀನಿ."

ನನಗೆ ತಡೆಯಲಾಗಲಿಲ್ಲ. ಅತ್ತುಬಿಟ್ಟೆ. ಒಂದು ತಿಂಗಳಿಗೆ ಮಾತ್ರ ಬರೆದದ್ದು, ಮತ್ತೆ ತೋರಿಸಲು ಹೋಗದೇ ಇದ್ದದ್ದು, ಡಾಕ್ಟರ್ ಮೊಹಮ್ಮದ್ ಎರಡು ಸಲ ಕೇಳಿದರೂ ಇಲ್ಲವೆಂದದ್ದು, ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಸೀಸೆಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಹತ್ತು ಹನ್ನೆರಡು ತಿಂಗಳು ತಂದುಕೊಟ್ಟೋನು ನಾನು," ಎಂದರು. "ಚೀಟಿ ಮೇಲೆ ತಾರೀಖಿತ್ತು. ಊರಿನ ಸಾಮಾನಿನ ಚೀಟಿಯೆಲ್ಲ ಓದ್ತೀನಿ, ಇದನ್ನೊಂದು ಓದಲಿಲ್ಲ."

ಆಮೇಲೆ ಕೋಟು ಹಾಕಿಕೊಂಡು ಜಟಕಾ ಕರೆತಂದರು. ಡಾಕ್ಟರ ಮುಂದೆ ನಾನು ಬಾಯಿ ತೆರೆಯುವುದಕ್ಕೆ ಮುಂಚೆ "ತಪ್ಪು ನಮ್ಮಿಬ್ಬರದೂ ಸಾರ್" ಎಂದು ಎರಡೂ ಸೀಸೆ ಮೇಜಿನ ಮೇಲಿಟ್ಟರು. ಡಾಕ್ಟರು ಒಂದು ನಿಮಿಷ ಕಣ್ಣು ಮುಚ್ಚಿಕೊಂಡರು. "ಇದನ್ನ ಮೊದಲೇ ಹೇಳಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವರು ಪೂರ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕಫವನ್ನು ಮತ್ತೆ ಕಳಿಸಿದ್ದಾರೆ, ಮಾತ್ರೆಯ ವಿಷಯವನ್ನೂ ಬರೆದು.

೨೮ ಜನವರಿ

ಕ್ಷಯ ಅಲ್ಲ!

ಮಣ್ಣಿನಲ್ಲಿರುವ ಒಂದು ಕ್ರಿಮಿಯಂತೆ. ಹೆಸರು ಹೇಳಿದರು, ನನ್ನ ನಾಲಿಗೆಗೆ ಹತ್ತಲಿಲ್ಲ. ಬಣ್ಣ ಹಾಕಿದರೆ ಕ್ಷಯದ ಕ್ರಿಮಿಯ ಹಾಗೇ ಕೆಂಪಗೆ ಕಾಣುತ್ತದಂತೆ. ಆದರೆ ಸರಿಯಾಗಿ ನೋಡಿದರೆ ಕಡ್ಡಿಯಲ್ಲ, ಬೇರಿನ ಹಾಗೆ ಕವಲೊಡೆದ ಸಣ್ಣ ದಾರ. ಕ್ಷಯದ ಇಂಜೆಕ್ಷನ್ ಅದಕ್ಕೆ ಲೆಕ್ಕಕ್ಕಿಲ್ಲ. ಅದಕ್ಕೆ ಸಲ್ಫಾ ಮಾತ್ರೆ ಬೇಕು, ಅದೂ ಒಂದು ದಿನ ಎರಡು ದಿನವಲ್ಲ, ತಿಂಗಳುಗಟ್ಟಲೆ.

"ಆ ಬಿಳಿ ಮಾತ್ರೆ ಕೆಟ್ಟದ್ದಲ್ಲಮ್ಮಾ," ಎಂದರು ಡಾಕ್ಟರು. "ಬೆರಳಿನ ಊತಾನ ಮಲಗಿಸುತ್ತೆ. ಆದರೆ ಜಾಸ್ತಿ ದಿನ ತಗೊಂಡ್ರೆ ಮೈಯ ಕಾವಲುಗಾರನನ್ನೂ ಮಲಗಿಸಿಬಿಡುತ್ತೆ. ಈ ಕ್ರಿಮಿ ಎಲ್ಲಾ ಕಡೆ ಮಣ್ಣಲ್ಲೂ ಇದೆ. ಕಾವಲು ಎಚ್ಚರ ಇರೋರಿಗೆ ಸಾಮಾನ್ಯವಾಗಿ ಏನೂ ಮಾಡಲ್ಲ. ನಿಮಗೆ ಹೋದ ಕೆಲವು ತಿಂಗಳಲ್ಲಿ ಮಣ್ಣು, ಗೊಬ್ಬರದ ಧೂಳೇನಾದ್ರೂ ಕುಡಿಯೋ ಹಾಗಾಗಿತ್ತಾ?"

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಬಾಗಿಲು ಕಿಟಕಿ ಹಾಕಿಕೊಂಡು ಮೂರು ಮಧ್ಯಾಹ್ನ ಜರಡಿ ಹಿಡಿದದ್ದನ್ನು ಹೇಳಿದೆ. ಡಾಕ್ಟರಿಗೆ ನಗು ಬಂತು, ಪಾಪ, ತಡೆದುಕೊಂಡರು. "ಎಲ್ಲಿಂದ ಹೊಕ್ಕಿತು ಅಂತ ಆಣೆ ಇಟ್ಟು ಹೇಳೋಕಾಗಲ್ಲ. ಆದರೆ ನೀವೇ ಅದಕ್ಕೆ ಆರತಿ ಎತ್ತಿ ಒಳಗೆ ಕರಕೊಂಡ ಹಾಗೇ ಕಾಣುತ್ತೆ."

ಬಿಳಿ ಮಾತ್ರೆಯನ್ನು ಒಮ್ಮೆಗೇ ಬಿಡುವ ಹಾಗಿಲ್ಲವಂತೆ, ಮೈ ತಡೆಯುವುದಿಲ್ಲ. ಮೆಟ್ಟಿಲಿಳಿದ ಹಾಗೆ ಇಳಿಸಬೇಕು. ಇಳಿದಂತೆ ಬೆರಳು ಹಳೇ ಸ್ಥಿತಿಗೆ ಬರುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುನಿಕೆಂಪಮ್ಮನಿಗೆ ಹೇಳಿದಾಗ ಎದೆ ಎದೆ ಬಡಿದುಕೊಂಡಳು. "ನಾನೇ ತಂದಾಕಿದ್ನಲ್ಲ ಅಮ್ಮಾವ್ರೇ ಆ ಆಳಾದ್ ಮಣ್ಣ!" ಅವಳನ್ನು ಸಮಾಧಾನ ಮಾಡುವುದೇ ನನಗೊಂದು ಕೆಲಸವಾಯಿತು. ಈ ಮನೆಯಲ್ಲಿ ತಪ್ಪು ಹೊರಲು ಎಷ್ಟು ಜನ!

೧೯ ಫೆಬ್ರವರಿ

ಜ್ವರ ಇಳಿಯಿತು. ಐದು ದಿನವಾಯಿತು, ಮತ್ತೆ ಬಂದಿಲ್ಲ. ಸಲ್ಫಾ ತಿಂದರೆ ಚೊಂಬುಗಟ್ಟಲೆ ನೀರು ಕುಡಿಯಬೇಕು, ಇಲ್ಲದಿದ್ದರೆ ಮೂತ್ರಪಿಂಡಕ್ಕೆ ಕೆಡುಕಂತೆ. ಇವರು ಗೋಡೆಗೆ ಸೀಮೆಸುಣ್ಣದಿಂದ ಗೆರೆ ಹಾಕಿ ಎಣಿಸುತ್ತಾರೆ. ಕುಡಿದೆ ಎಂದು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

೧೨ ಮಾರ್ಚ್

ಬಿಳಿ ಮಾತ್ರೆ ಅರ್ಧಕ್ಕೆ ಬಂದಿದೆ. ಬೆಳಿಗ್ಗೆ ಬೆರಳು ಬಿಗಿ. ಬಿಸಿನೀರಿನಲ್ಲಿ ಅದ್ದಿಕೊಂಡು ಬರೆಯುತ್ತಿದ್ದೇನೆ. ಕೆಮ್ಮಿಲ್ಲ. ಹಸಿವಿದೆ.

೧೦ ಏಪ್ರಿಲ್, ಯುಗಾದಿ

ಒಬ್ಬಟ್ಟು ಮುನಿಕೆಂಪಮ್ಮನ ಮನೆಯಿಂದ ಬಂತು. ಮೂರು ತಿಂದೆ. ಇವರು ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದರು. ಗೂಡ್ಸ್ ಗಂಟು ಬಿಗಿದ ಹಾಗೆ ಬಿಗಿದಿದ್ದಾರೆ, ಹುಬ್ಬು ಮೇಲಕ್ಕೆ ಹೋಗಿದೆ. "ಇದೇನ್ರೀ, ನನ್ನನ್ನ ಅರಸೀಕೆರೆಗೆ ಕಳಿಸ್ತೀರಾ?" ಎಂದೆ. "ಚೀಟಿ ಅಂಟಿಸೋದೊಂದು ಬಾಕಿ" ಎಂದರು.

೧೪ ಮೇ

ಕೆನ್ನೆ ಇಳಿದು ಮೊದಲಿನ ಮುಖ ಬಂದಿದೆ. ಬೆರಳು ಸೊಟ್ಟ. ಸಾಕು, ನೋಯುತ್ತದೆ.

೨೨ ಜೂನ್

ಇವರು ಅನ್ನ ಕಲಸಿಕೊಟ್ಟರು. ಹುಳಿ ಚೆನ್ನಾಗಿತ್ತು.

೩೦ ಜುಲೈ

ಕೃಷ್ಣಮ್ಮ ಬಂದಿದ್ದಳು. ಒಳಗೇ ಕೂತಳು. ಕಾಫಿ ಇವರು ಮಾಡಿದರು. ಅವಳ ಗಂಡನಿಗೆ ನೀರು ಕಾಯಿಸಲೂ ಬರುವುದಿಲ್ಲವಂತೆ!

೧೭ ಸೆಪ್ಟೆಂಬರ್ ೧೯೬೭, ಭಾನುವಾರ

ಇದು ನನ್ನ ಅಕ್ಷರವಲ್ಲ. ನಾನು ಹೇಳುತ್ತಿದ್ದೇನೆ, ಇವರು ಬರೆಯುತ್ತಿದ್ದಾರೆ. ಹಿಂದಿನ ಹಾಳೆಗಳನ್ನು ಓದುವುದಿಲ್ಲವೆಂದು ತಾವೇ ಅವಕ್ಕೆ ದಾರ ಸುತ್ತಿ ಗಂಟು ಹಾಕಿದ್ದಾರೆ. ಓದಿದರೂ ನನಗೇನೂ ಬೇಜಾರಿಲ್ಲ ಎಂದೆ. ಬೇಡ ಎಂದರು.

ನಿನ್ನೆ ಎಕ್ಸ್‌ರೇ ಆಯಿತು. ತೂತಿದ್ದ ಕಡೆ ಈಗ ಒಂದು ಗೆರೆ ಮಾತ್ರ, ಹಳೇ ಗಾಯದ ಕಲೆಯ ಹಾಗೆ. ಡಾಕ್ಟರ್ ಮೊಹಮ್ಮದ್ ಫಿಲ್ಮನ್ನು ಕಿಟಕಿಗೆ ಹಿಡಿದು ನಮ್ಮಿಬ್ಬರನ್ನೂ ಕರೆದು ತೋರಿಸಿದರು. ಸಲ್ಫಾ ಇನ್ನು ಎರಡು ತಿಂಗಳು, ಆಮೇಲೆ ನಿಲ್ಲಿಸಬಹುದು. ಆಮೇಲೆ ನನ್ನ ಕೈಗಳನ್ನು ತಮ್ಮ ಕೈಯಲ್ಲಿಟ್ಟುಕೊಂಡು ಬೆರಳು ಬೆರಳಾಗಿ ನೋಡಿದರು.

"ತುಂಬಾ ನೋವಿದ್ರೆ ಹೇಳಿ ತಾಯಿ. ಸಲ್ಫಾ ಮುಗಿದ ಮೇಲೆ ಬಿಳಿ ಮಾತ್ರೆ ತುಂಬಾ ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಬಹುದು. ತಿಂಗಳು ತಿಂಗಳು ನನ್ನ ಕಣ್ಣೆದುರಿಗೆ. ಬೆರಳು ಸ್ವಲ್ಪ ಬಿಚ್ಚಬಹುದು. ಅಪಾಯ ಇಲ್ಲ ಅಂತ ನಾನು ಹೇಳಲಾರೆ. ಬೇಡ ಅಂದ್ರೆ ಬಿಸಿ ಕಾವು, ನೋವಿನ ಮಾತ್ರೆ, ಹೀಗೇ ನಡೆಸಬೇಕು. ನಿಮ್ಮ ಕೈ, ನೀವು ಹೇಳಿ."

ಸೋಮವಾರದವರೆಗೆ ಸಮಯ ಕೇಳಿ ಬಂದೆ. ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಇವತ್ತು ಬೆಳಿಗ್ಗೆ ಇವರು ಹಿಂದೆ ಕೂತು ತಲೆ ಬಾಚುತ್ತಿದ್ದಾಗ ನಾನೇ ಎತ್ತಿದೆ. "ನಾನು ಆ ಮಾತ್ರೆ ತಗೊಂಡ್ರೆ ನಿಮಗೆ ದಿನಾ ಬೆಳಿಗ್ಗೆ ಒಂದು ಗಂಟೆ ಬಿಡುವಾಗುತ್ತೆ, ಅಲ್ವೇ?"

ಬಾಚಣಿಗೆ ನಿಂತಿತು.

"ಬಿಡುವು ಇಟ್ಕೊಂಡು ಏನ್ ಮಾಡ್ಲಿ? ಆ ಮಾತ್ರೆ ತಗೋತಿದ್ದ ವರ್ಷ ಬಿಡುವಿತ್ತಲ್ಲ. ನೀನು ಎಲ್ಲಾ ನೀನೇ ಮಾಡ್ಕೋತಿದ್ದೆ. ನಂಗೆ ಮನೇಲಿ ಏನೂ ತೋಚದೆ, ಒಂದು ಗಂಟೆ ಮುಂಚೆ ಹೋಗಿ, ಆಫೀಸ್ ಬಾಗಿಲು ತೆಗೆಯೋವರೆಗೂ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತಿರ್ತಿದ್ದೆ."

ನಾನು ತಿರುಗಿ ಅವರ ಮುಖ ನೋಡಲು ಹೋದೆ. "ಅಲ್ಲಾಡಬೇಡ, ಬೈತಲೆ ಸೊಟ್ಟಗಾಗುತ್ತೆ," ಎಂದರು.

ಈಗ ಪೆನ್ನು ನಿಲ್ಲಿಸಿ "ಇದನ್ನೂ ಬರೀಬೇಕಾ?" ಎಂದು ಕೇಳುತ್ತಿದ್ದಾರೆ. ಬರೆಯಿರಿ ಎಂದಿದ್ದೇನೆ. ನಾಳೆ ಡಾಕ್ಟರಲ್ಲಿಗೆ ಹೋಗಿ ಮಾತ್ರೆ ಬೇಡ ಎಂದು ಹೇಳಿ ಬರಬೇಕು, ಅದನ್ನೂ ಬರೆಯಿರಿ ಎಂದೆ. ಆ ಸಾಲಿನಲ್ಲಿ ಇವರ ಅಕ್ಷರ ಸೊಟ್ಟಗಾಗಿದೆ. ಹೊಡೆದುಹಾಕಿ ಮತ್ತೆ ಬರೀತೀನಿ ಎನ್ನುತ್ತಾರೆ. ಬೇಡ, ಹಾಗೇ ಇರಲಿ.